ಮೊದ್ಲು ಮಾವಂಗೆ!

‘ಊಟ ಮಾಡ್ಲಿಲ್ಲ ಅಂದ್ರೆ ಕಟಿಂಗ್ ಶಾಪ್‌ಗೆ ಬಿಟ್ಟು ಬರ್ತೀನಿ ನೋಡು!’

ಅಕ್ಕನ ಮಗನನ್ನು ಹೀಗೆ ಹೆದರಿಸುತ್ತಿದ್ದವನು ನಾನೇ. ಎರಡು ತುತ್ತು ಹೆಚ್ಚಿಗೆ ಹೋಗುತ್ತಿತ್ತು, ನಿಜ. ಆದರೆ ಶಾಪಿನ ಮುಂದೆ ಬೈಕ್ ನಿಲ್ಲಿಸಿದರೆ ಸಾಕು, ಮೂರು ವರ್ಷದ ಹುಡುಗ ಇಡೀ ಕೃಷ್ಣರಾಜನಗರಕ್ಕೆ ಕೇಳುವ ಹಾಗೆ ಕಿರುಚುತ್ತಿದ್ದ. ಕೂದಲು ಕಣ್ಣಿಗೆ ಬೀಳುತ್ತಿತ್ತು. ಅಜ್ಜಿ ಜುಟ್ಟು ಕಟ್ಟಿ ಅಂಗನವಾಡಿಗೆ ಕಳಿಸುತ್ತಿದ್ದರು.

ಒಂದು ವರ್ಷಕ್ಕೆ ನಂಜನಗೂಡಿನಲ್ಲಿ ಮುಡಿ ಕೊಡಿಸಿದಾಗಲೂ ಅತ್ತಿದ್ದ. ಅದು ನೆನಪಿರಲಿಕ್ಕಿಲ್ಲ. ಎರಡನೇ ಸಲದ್ದು ಮಾತ್ರ ಚೆನ್ನಾಗಿ ನೆನಪಿದೆ. ಭಾನುವಾರದ ರಶ್ಶು. ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ, ಅದರ ಮೇಲೆ ಅವನು. ಭಾವ ತಲೆ ಹಿಡಿದರು, ನಾನು ಕೈಕಾಲು. ಐದೇ ನಿಮಿಷದಲ್ಲಿ ಮುಗಿಸಿದೆವು ಎಂದು ಬೀಗಿದೆವು. ಅಂದಿನಿಂದ ಮನೆಯಲ್ಲಿ ಯಾರಾದರೂ ಟ್ರಿಮ್ಮರ್ ಆನ್ ಮಾಡಿದರೂ ಮಂಚದ ಕೆಳಗೆ ಸೇರುತ್ತಿದ್ದ.

ಒಂದು ದಿನ ಉಗುರು ತೆಗೆಯುವಾಗ ಕೇಳಿದ: ‘ಕೂದ್ಲು ಕಟ್ ಮಾಡಿದ್ರೆ ರಕ್ತ ಬರುತ್ತಾ ಮಾವ?’

ಬೆರಳು ಕುಯ್ದುಕೊಂಡರೂ ನಾವು ‘ಕಟ್ ಆಯ್ತು’ ಅಂತೀವಿ, ತಲೆಗೂ ‘ಕಟಿಂಗ್’ ಅಂತೀವಿ. ಕೂದಲಿನ ಬುಡದಲ್ಲಷ್ಟೇ ನರ ಇರುತ್ತದೆ, ಹೊರಗಿನ ಎಳೆಯಲ್ಲಿ ಜೀವವಿಲ್ಲ ಎಂದು ಅವನಿಗೆ ಯಾರು ಹೇಳಿದ್ದರು? ಪೇಪರ್ ಕತ್ತರಿಸುವ ಮೊಂಡು ಕತ್ತರಿ ಅವನ ಕೈಗೆ ಕೊಟ್ಟು ನನ್ನ ತಲೆ ಬಗ್ಗಿಸಿದೆ. ಹಣೆಯ ಮೇಲೆ ಅವನು ಮಾಡಿದ ಕಿಂಡಿಗೆ ಕಾಲೇಜಿನಲ್ಲಿ ಒಂದು ವಾರ ಹೆಸರಿತ್ತು. ಅಂದಿನಿಂದ ಮನೆಯಲ್ಲಿ ‘ಕಟಿಂಗ್’ ಬಂದ್, ‘ಕ್ರಾಪು’ ಚಾಲ್ತಿ.

ಟ್ರಿಮ್ಮರ್ ಸದ್ದಿಗೇಕೆ ಅಷ್ಟು ಹೆದರಿಕೆ? ಆಫ್ಟರ್‌ಆಲ್ ಇಂಜಿನಿಯರಿಂಗ್ ಓದುತ್ತಿದ್ದೇನಲ್ಲ, ಆನ್ ಮಾಡಿ ಹಿಂಬದಿಯನ್ನು ನನ್ನ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡೆ. ದೂರದಲ್ಲಿದ್ದಾಗ ಸದ್ದು ಗಾಳಿಯಲ್ಲಿ ಬರುತ್ತದೆ. ತಲೆಗೆ ತಾಗಿದರೆ ಬುರುಡೆಯೇ ಅದುರಿ ನೇರ ಒಳಕಿವಿಗೆ ಮುಟ್ಟುತ್ತದೆ. ತಲೆಯೊಳಗೆ ಬೋರ್‌ವೆಲ್ ಕೊರೆದ ಹಾಗಿತ್ತು! ‘ಏನೂ ಆಗಲ್ಲ, ಸುಮ್ನಿರು’ ಎಂದು ನಾವು ಹೇಳುತ್ತಿದ್ದದ್ದು ಅವನ ಪಾಲಿಗೆ ಸುಳ್ಳು.

ಶಾಪಿನ ಅಣ್ಣನಿಗೆ ಎಲ್ಲ ಹೇಳಿದೆ. ‘ಮಂಗಳವಾರ ರಜೆ, ಭಾನುವಾರ ಬರ್ಲೇಬೇಡಿ, ಬುಧವಾರ ಮಧ್ಯಾಹ್ನ ಕರ್ಕೊಂಡು ಬನ್ನಿ, ಖಾಲಿ ಇರುತ್ತೆ’ ಅಂದರು. ಎರಡು ಬುಧವಾರ ಸುಮ್ಮನೆ ಕೂತು ಬಂದೆವು. ನೀರು ಚಿಮುಕಿಸುವ ಬಾಟಲಿ ಅವನ ಕೈಗೆ ಸಿಕ್ಕಿ, ಕನ್ನಡಿ, ನಾನು, ಅಣ್ಣ ಎಲ್ಲ ಒದ್ದೆ. ಮೂರನೇ ಬುಧವಾರ ಮೊದಲು ನನಗೆ. ಆಮೇಲೆ ನನ್ನ ತೊಡೆಯ ಮೇಲೆ ಅವನು. ಕುತ್ತಿಗೆಗೆ ಬಟ್ಟೆ ಬಿಗಿಯಲಿಲ್ಲ, ಮಿಷನ್ ಇಲ್ಲ, ಬರೀ ಕತ್ತರಿ. ‘ಸಾಕು ಅಂದ ತಕ್ಷಣ ನಿಲ್ಲಿಸ್ತಾರೆ’ ಎಂದು ಮಾತು ಕೊಟ್ಟಿದ್ದೆ. ಏಳನೇ ಕತ್ತರಿಗೇ ‘ಸಾಕು’ ಅಂದ. ಅಣ್ಣ ನಿಜವಾಗಿಯೂ ಕತ್ತರಿ ಕೆಳಗಿಟ್ಟರು. ಹುಡುಗ ಕನ್ನಡಿಯಲ್ಲಿ ಅವರನ್ನೇ ನೋಡಿದ. ಸ್ವಲ್ಪ ಹೊತ್ತಿಗೆ, ‘ಇನ್ನೊಂದು ಚೂರು’ ಅಂದ.

ಬಲಗಡೆ ಮುಗಿಯುವಷ್ಟರಲ್ಲಿ ಅವನ ತಾಳ್ಮೆಯೂ ಮುಗಿಯಿತು. ಹಾಗೇ ಕರೆದುಕೊಂಡು ಬಂದೆ. ‘ಇದೇನ್ಲಾ, ಅರ್ಧ ಕುಯ್ದ ಭತ್ತದ ಗದ್ದೆ ಇದ್ದಂಗೈತೆ’ ಎಂದು ಅಜ್ಜಿ ನಕ್ಕರು. ಎಡಗಡೆ ಮಾರನೇ ದಿನ ಆಯಿತು.

ಮಿಷನ್ ಮಾತ್ರ ಇನ್ನೂ ಬೇಡವಂತೆ. ಕತ್ತರಿಗೂ ‘ಮೊದ್ಲು ಮಾವಂಗೆ’ ಎಂಬ ಷರತ್ತಿದೆ. ಹಾಗಾಗಿ ಕೂದಲು ಬೆಳೆಸುವ ನನ್ನ ಆಸೆಗೆ ಸದ್ಯಕ್ಕೆ ಕತ್ತರಿ. ಊಟಕ್ಕೆ ಹೆದರಿಸಲೂ ನನ್ನ ಬಳಿ ಈಗ ಏನೂ ಉಳಿದಿಲ್ಲ.