ಘಾಟಿಯಲ್ಲಿ ಮೋಟಾರು ಸಾರಥ್ಯ

ಮೋಟಾರನ್ನು ವೇಗವಾಗಿ ಓಡಿಸಬಲ್ಲವನನ್ನೇ ನಿಪುಣನೆಂದು ಕೊಂಡಾಡುವುದು ನಮ್ಮಲ್ಲಿ ವಾಡಿಕೆ. ನಾನು ಆ ಮತದವನಲ್ಲ. ಸಾರಥಿಯ ಯೋಗ್ಯತೆಯನ್ನು ಅರಿಯಬೇಕಾದರೆ ಅವನೊಡನೆ ಆಗುಂಬೆಯ ಘಾಟಿಯನ್ನು ಇಳಿಯಬೇಕು. ಅಲ್ಲಿ 14 ಕಡಿದಾದ ತಿರುವುಗಳುಂಟು.

ಇಳಿಜಾರಿನಲ್ಲಿ ಗಾಡಿಯನ್ನು ಬ್ರೇಕೊಂದರಿಂದಲೇ ತಡೆಯುತ್ತ ಹೋದರೆ ಚಲನಶಕ್ತಿಯೆಲ್ಲ ಉಷ್ಣವಾಗಿ ಮಾರ್ಪಟ್ಟು, ಬ್ರೇಕುಗಳು ಕಾದು ಹಿಡಿತವನ್ನು ಕಳೆದುಕೊಳ್ಳುತ್ತವೆ. ವೇಗವು ಇಮ್ಮಡಿಯಾದರೆ ಈ ಶಕ್ತಿಯು ನಾಲ್ಮಡಿಯಾಗುವುದೆಂಬುದನ್ನೂ ನೆನೆಯಬೇಕು. ಆದುದರಿಂದ ಬಲ್ಲವನು ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡುತ್ತಾನೆ. ಹಳೆಯ ಗಾಡಿಗಳಲ್ಲಿ ಇದು ಸುಲಭವಾಗಿರಲಿಲ್ಲ. ಕ್ಲಚ್ಚನ್ನು ಒತ್ತಿ ಗೇರನ್ನು ಬಿಡಿಸಿ, ಕ್ಲಚ್ಚನ್ನು ಬಿಟ್ಟು ಎಂಜಿನ್ನಿನ ವೇಗವನ್ನು ಹೆಚ್ಚಿಸಿ, ಮತ್ತೆ ಕ್ಲಚ್ಚನ್ನು ಒತ್ತಿ ಕೆಳಗಿನ ಗೇರಿಗೆ ಹಾಕಬೇಕಾಗಿದ್ದಿತು. ತಪ್ಪಿದರೆ ಹಲ್ಲಿಗೆ ಹಲ್ಲು ಮಸೆದು ಕರ್ಕಶಧ್ವನಿ! 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಗಾಡಿಗಳಲ್ಲಿ ಸಿಂಕ್ರೋಮೆಷ್ ಎಂಬ ಏರ್ಪಾಡು ಬಂದ ಮೇಲೆ ಕ್ರಮೇಣ ಈ ಪ್ರಯಾಸ ತಪ್ಪಿತು. ತಪ್ಪಿದುದಕ್ಕೆ ನನಗೆ ಕೊಂಚ ವ್ಯಸನವೇ ಉಂಟು. ಆ ಕೈಚಳಕವು ಸಂಗೀತಗಾರನ ತಾಳಜ್ಞಾನಕ್ಕೆ ಸಮೀಪವಾದುದು.

ಇನ್ನು ಮರ್ಯಾದೆಯ ಮಾತು. ದಾರಿ ಕಿರಿದಾದೆಡೆಯಲ್ಲಿ ಇಳಿಯುವವನು ಬದಿಗೆ ನಿಂತು, ಏರಿ ಬರುವ ಗಾಡಿಗೆ ದಾರಿ ಬಿಡಬೇಕು. 1989ರ ಭಾರತದ ರಸ್ತೆ ನಿಯಮಾವಳಿಯೂ ಹಾಗೆಯೇ ವಿಧಿಸಿತು. ಇದು ಬರಿಯ ಉಪಚಾರವಲ್ಲ. ಏರಿನಲ್ಲಿ ಒಮ್ಮೆ ನಿಂತ ಭಾರದ ಗಾಡಿಯು ಮತ್ತೆ ಹೊರಡುವಾಗ ಹಿಂದಕ್ಕೆ ಜಾರುವ ಭಯವುಂಟು. ಅದರ ಬೆನ್ನಿಗೇ ಇನ್ನೊಂದು ಗಾಡಿಯಿರಬಹುದು. ರಾತ್ರಿಯಾದರೆ ನಿಂತವನು ತನ್ನ ದೀಪಗಳನ್ನೂ ತಗ್ಗಿಸಬೇಕು. ಏರುವವನಿಗೆ ಆಗ ಕಾಣಬೇಕಾದುದು ಕಣಿವೆಯ ಅಂಚು.