ಬೆಳ್ಳಿತೆರೆಯ ಕತ್ತಿವರಸೆ

ರಾಜಮಹಾರಾಜರ ಕಥೆಯುಳ್ಳ ಚಿತ್ರವೆಂದರೆ ಕೊನೆಯಲ್ಲೊಂದು ಕತ್ತಿಯ ಕಾಳಗ ಇರಲೇಬೇಕು. ನಾಯಕನು ಮೆಟ್ಟಿಲ ಮೇಲೆ ಹಿಂದೆ ಹಿಂದೆ ಸರಿಯುತ್ತಿದ್ದರೆ ಟೆಂಟಿನಲ್ಲಿ ಕುಳಿತವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಹೊರಗೆ ಬಂದ ಮೇಲೆ ಅವರಲ್ಲೇ ಕೆಲವರು “ಅದೆಲ್ಲ ಬರಿಯ ಸುಳ್ಳು, ತಗಡಿನ ಕತ್ತಿ” ಎಂದು ಮೂಗು ಮುರಿಯುವುದೂ ಉಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ? ತೆರೆಯ ಮೇಲಿನ ಕತ್ತಿವರಸೆ ಸುಳ್ಳೇ ಆಗಿದ್ದರೆ ಅದನ್ನು ಕಲಿಸಲು ಗುರುಗಳೇಕೆ ಬೇಕಾಯಿತು? ಇದನ್ನು ಸ್ವಲ್ಪ ವಿಚಾರ ಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ನಿಜವಾದ ವಿದ್ಯೆಯನ್ನು ನೋಡೋಣ. ಐರೋಪ್ಯ ಕತ್ತಿವರಸೆಯ ಪಂದ್ಯದಲ್ಲಿ ಇಂದು ಮೂರು ಬಗೆಯ ಆಯುಧಗಳಿವೆ: ಫಾಯಿಲ್, ಎಪೇ ಮತ್ತು ಸೇಬರ್. ಫಾಯಿಲಿನಲ್ಲಿ ಮುಂಡಭಾಗಕ್ಕೆ ಮಾತ್ರ ತಿವಿಯಬೇಕು. ಎಪೇಯಲ್ಲಿ ಇಡೀ ಶರೀರವೇ ಗುರಿ. ಸೇಬರಿನಲ್ಲಿ ಸೊಂಟದ ಮೇಲ್ಭಾಗವೇ ಗುರಿ, ಅಲ್ಲಿ ತಿವಿತದೊಡನೆ ಬೀಸುಹೊಡೆತವೂ ಸಲ್ಲುತ್ತದೆ. 1896ರ ಪ್ರಥಮ ಆಧುನಿಕ ಒಲಿಂಪಿಕ್ ಕ್ರೀಡೆಗಳಿಂದಲೂ ಈ ಪಂದ್ಯ ನಡೆದುಬಂದಿದೆ. ಟೋಕಿಯೋ ಕ್ರೀಡೆಗಳಲ್ಲಿ, 2021ರಲ್ಲಿ, ಚೆನ್ನೈನ ಭವಾನೀದೇವಿಯವರು ಸೇಬರ್ ಹಿಡಿದು ಭಾರತದ ಪರವಾಗಿ ಒಲಿಂಪಿಕ್ಕಿಗೆ ಇಳಿದ ಮೊದಲ ಕತ್ತಿವರಸೆಗಾರ್ತಿಯೆನಿಸಿದರು.

ಈ ಪಂದ್ಯದಲ್ಲಿ ಗೆಲ್ಲುವವನು ತನ್ನ ಉದ್ದೇಶವನ್ನು ಮುಚ್ಚಿಡಬಲ್ಲವನು. ಮಣಿಕಟ್ಟಿನ ಒಂದಿಷ್ಟು ತಿರುವಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಪಕ್ಕದಲ್ಲಿ ನಿಂತ ತೀರ್ಪುಗಾರರ ಕಣ್ಣಿಗೂ ಅದು ನಿಲುಕದ ಕಾರಣ ವಿದ್ಯುತ್ತಿನ ಸಹಾಯ ಬೇಕಾಯಿತು. 1936ರ ಬರ್ಲಿನ್ ಒಲಿಂಪಿಕ್ಕಿನಲ್ಲೇ ಎಪೇ ಪಂದ್ಯಕ್ಕೆ ವಿದ್ಯುತ್ ಯಂತ್ರವನ್ನು ಬಳಸಿದರು. ತೀರ್ಪುಗಾರನಿಗೇ ಕಾಣದ್ದು ದೂರದ ಬೆಂಚಿನ ಮೇಲೆ ಕುಳಿತ ಪ್ರೇಕ್ಷಕನಿಗೆ ಹೇಗೆ ಕಂಡೀತು?

ಆದುದರಿಂದ ಚಿತ್ರದ ಕತ್ತಿವರಸೆ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿಯಬೇಕಾಯಿತು. ಇಲ್ಲಿ ಉದ್ದೇಶವನ್ನು ಮುಚ್ಚಿಡುವಂತಿಲ್ಲ, ತೋರಿಸಬೇಕು. ಕೈ ಅಗಲವಾಗಿ ಬೀಸಬೇಕು. ಹೊಡೆತ ಬರುವ ಮೊದಲೇ ಅದು ಬರುತ್ತಿದೆಯೆಂದು ಎದುರಿನವನಿಗೂ ಪ್ರೇಕ್ಷಕನಿಗೂ ತಿಳಿಯಬೇಕು. ನಾಲ್ಕೈದು ಏಟು ಮತ್ತು ತಡೆಗಳನ್ನು ಸೇರಿಸಿ ಒಂದು ತುಣುಕು ಮಾಡಿ, ಮೊದಲು ನಿಧಾನವಾಗಿ, ಅನಂತರ ವೇಗವಾಗಿ ಬಾಯಿಪಾಠದಂತೆ ಅಭ್ಯಾಸ ಮಾಡುತ್ತಾರೆ. ಇಬ್ಬರ ನಡುವಣ ಅಂತರವನ್ನು ಲೆಕ್ಕಹಾಕಿ ಇಟ್ಟಿರುತ್ತಾರೆ. ಒಬ್ಬರ ಕಣ್ಣನ್ನು ಒಬ್ಬರು ನೋಡಿ, ಸಿದ್ಧರಿರುವುದನ್ನು ತಿಳಿದೇ ಮುಂದಿನ ಹೊಡೆತಕ್ಕೆ ಕೈಯೆತ್ತುತ್ತಾರೆ. ಅಲಗು ಮೊಂಡಾಗಿದ್ದರೂ ಉಕ್ಕು ಉಕ್ಕೇ. ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ಅಂದಮೇಲೆ, ರಣರಂಗದ ಕತ್ತಿಗಾರನಿಗೆ ಎದುರಾಳಿಯನ್ನು ಕೊಲ್ಲುವುದೇ ವಿದ್ಯೆಯಾದರೆ, ಚಿತ್ರದ ಕತ್ತಿಗಾರನಿಗೆ ಅವನನ್ನು ಉಳಿಸುವುದೇ ವಿದ್ಯೆ.

ಈ ವಿದ್ಯೆಯನ್ನು ಹಾಲಿವುಡ್ಡಿನಲ್ಲಿ ನೆಲೆಗೊಳಿಸಿದವರಲ್ಲಿ ಬೆಲ್ಜಿಯಂ ದೇಶದ ಫ್ರೆಡ್ ಕೇವೆನ್ಸ್ ಮುಖ್ಯರು. 1935ರ ‘ಕ್ಯಾಪ್ಟನ್ ಬ್ಲಡ್’, 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’, 1940ರ ‘ದಿ ಮಾರ್ಕ್ ಆಫ್ ಝೋರೋ’ ಚಿತ್ರಗಳ ಕಾಳಗಗಳನ್ನು ಹೆಣೆದವರು ಅವರೇ. ‘ರಾಬಿನ್ ಹುಡ್’ ಚಿತ್ರದ ಕೊನೆಯ ಕಾಳಗದಲ್ಲಿ ಹೋರಾಡುವವರು ಮರೆಯಾಗಿ, ಕಂಬದ ಮೇಲೆ ಅವರ ದೊಡ್ಡ ನೆರಳುಗಳಷ್ಟೇ ಸೆಣಸುವ ದೃಶ್ಯ ಪ್ರಸಿದ್ಧವಾದುದು. ಇದರಲ್ಲೊಂದು ತಮಾಷೆಯುಂಟು. ಗೆಲ್ಲುವ ನಾಯಕ ಎರಾಲ್ ಫ್ಲಿನ್‌ರಿಗಿಂತ, ಸೋತು ಸಾಯುವ ಖಳನಾಯಕ ಬೇಸಿಲ್ ರಾತ್‌ಬೋನ್ ಅವರೇ ನಿಜದಲ್ಲಿ ಬಲ್ಲಿದ ಕತ್ತಿಗಾರರು. ಚೆನ್ನಾಗಿ ಬಲ್ಲವನು ಸೋತುಕೊಟ್ಟರೆ ತಾನೆ ನಾಯಕನ ಗೆಲುವಿಗೆ ಕಳೆ ಬರುವುದು!

ಕಾಳಗದಲ್ಲಿ ಕಥೆಯೂ ನಡೆಯಬೇಕು. 1952ರ ‘ಸ್ಕಾರಮೂಷ್’ ಚಿತ್ರದ ಕೊನೆಯ ಕಾಳಗ ಆರು ನಿಮಿಷಕ್ಕೂ ಮಿಕ್ಕಿ ನಡೆಯುತ್ತದೆ. ನಾಟಕಶಾಲೆಯ ಮೇಲಂತಸ್ತಿನ ಆಸನಗಳ ಅಂಚಿನಿಂದ ಮೆಟ್ಟಿಲಿಗೆ, ಅಲ್ಲಿಂದ ರಂಗದ ಮೇಲಕ್ಕೆ ಅದು ಸಾಗುತ್ತದೆ. ಕಡೆಗೆ ನಾಯಕನು ಗೆದ್ದೂ ಕೊಲ್ಲಲಾರದೆ ಕೈ ತಡೆಯುತ್ತಾನೆ. ಜಪಾನಿನ ಅಕಿರಾ ಕುರೊಸಾವಾ ಅವರ ರೀತಿಯೇ ಬೇರೆ. ‘ಸೆವೆನ್ ಸಮುರಾಯ್’ (1954) ಚಿತ್ರಕ್ಕೆ ಪ್ರಾಚೀನ ಖಡ್ಗಪರಂಪರೆಯ ಗುರುಗಳಾದ ಯೊಶಿಯೊ ಸುಗಿನೊ ಅವರ ಮಾರ್ಗದರ್ಶನವಿತ್ತು. ಅಲ್ಲಿ ಇಬ್ಬರು ಬಹಳ ಹೊತ್ತು ಅಲುಗಾಡದೆ ನಿಲ್ಲುತ್ತಾರೆ. ಆಮೇಲೆ ಒಂದೇ ಏಟು. ಸೋಲನ್ನು ಒಪ್ಪದ ಜಂಬಗಾರ ನೆಲಕ್ಕುರುಳುತ್ತಾನೆ. ಆರು ನಿಮಿಷದ ಕಾಳಗವಾಗಲಿ, ಒಂದು ಏಟಿನ ಕಾಳಗವಾಗಲಿ, ಹೋರಾಡುವವನ ಸ್ವಭಾವವನ್ನು ತೋರಿಸಿದರೇನೇ ನೆನಪಿನಲ್ಲಿ ಉಳಿಯುತ್ತದೆ.

ಇನ್ನು ಬಾಬ್ ಆಂಡರ್ಸನ್ ಅವರ ಮಾತು. ಇಂಗ್ಲೆಂಡಿನ ಇವರು 1952ರ ಹೆಲ್ಸಿಂಕಿ ಒಲಿಂಪಿಕ್ಕಿನಲ್ಲಿ ಕತ್ತಿ ಹಿಡಿದವರು. ‘ದಿ ಮಾಸ್ಟರ್ ಆಫ್ ಬ್ಯಾಲಂಟ್ರೇ’ (1953) ಚಿತ್ರದ ಕೆಲಸದಲ್ಲಿ ಇವರ ಕತ್ತಿ ಎರಾಲ್ ಫ್ಲಿನ್‌ರ ತೊಡೆಗೆ ತಗುಲಿ ಗಾಯವಾಯಿತು. ಗಳಿಗೆಯಷ್ಟು ಗಮನ ತಪ್ಪಿದರೂ “ತಗಡಿನ ಕತ್ತಿ” ಏನು ಮಾಡೀತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮುಂದೆ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಮತ್ತು 1983ರ ‘ರಿಟರ್ನ್ ಆಫ್ ದಿ ಜೆಡಾಯ್’ ಚಿತ್ರಗಳಲ್ಲಿ ಡಾರ್ತ್ ವೇಡರ್ ಎಂಬ ಪಾತ್ರದ ಕರಿಯ ಕವಚ ತೊಟ್ಟು ಕತ್ತಿವರಸೆ ಮಾಡಿದವರು ಇವರೇ. ಪ್ರೇಕ್ಷಕರಿಗೆ ಇದು ಗೊತ್ತೇ ಇರಲಿಲ್ಲ. ಎದುರಿಗೆ ನಿಂತು ಹೋರಾಡಿದ ನಟ ಮಾರ್ಕ್ ಹ್ಯಾಮಿಲ್ ಅವರು 1983ರಲ್ಲಿ, ಕೀರ್ತಿ ಸಲ್ಲಬೇಕಾದವರಿಗೆ ಸಲ್ಲಲಿ ಎಂದು ಒಂದು ಪತ್ರಿಕೆಯವರ ಮುಂದೆ ಈ ಸಂಗತಿಯನ್ನು ಹೊರಗೆಡಹಿದರು. ಆಂಡರ್ಸನ್ 2012ರಲ್ಲಿ ತೀರಿಕೊಂಡರು.

ಕನ್ನಡಿಗರಿಗೂ ಕತ್ತಿಯ ಚಿತ್ರಗಳು ಹೊಸತಲ್ಲ. ‘ರಣಧೀರ ಕಂಠೀರವ’ (1960), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಚಿತ್ರಗಳಲ್ಲಿ ರಾಜಕುಮಾರ್ ಅವರು ಅರಸರ ಪಾತ್ರ ವಹಿಸಿದುದನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿಯ ರಂಗದಲ್ಲಿ ಪಳಗಿ ಬಂದವರು ಅವರು. ನಾಯಕನ ಹೆಸರು ಎಲ್ಲರ ಬಾಯಲ್ಲೂ ಇದೆ. ಅವನೆದುರು ನೂರು ಸಲ ಬಿದ್ದು ಎದ್ದವರ ಹೆಸರನ್ನು, ವರಸೆ ಕಲಿಸಿದವರ ಹೆಸರನ್ನು ಕೇಳಿದರೆ ಹೇಳುವವರು ವಿರಳ.

ನಮ್ಮ ಮನೆತನದಲ್ಲಿ ಪದವಿ ತರಗತಿಯ ತನಕ ಬಂದವನು ನಾನೇ ಮೊದಲಿಗ. ಒಬ್ಬನು ಮುಂದೆ ನಿಂತು ಕಾಣಿಸಿಕೊಳ್ಳಬೇಕಾದರೆ ಕಾಣದಂತೆ ದುಡಿದವರು ಎಷ್ಟು ಮಂದಿಯೆಂಬುದು ನನಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. ಮುಂದಿನ ಸಲ ಕತ್ತಿಯ ಕಾಳಗವನ್ನು ನೋಡುವಾಗ ಸ್ನೇಹಿತರು ಸೋಲುವವನ ಕೈಯನ್ನೂ ಸ್ವಲ್ಪ ಗಮನಿಸಲಿ. ಗೆಲ್ಲುವವನ ಪ್ರಾಣವನ್ನು ಅಷ್ಟು ಹೊತ್ತೂ ಕಾಯುತ್ತಿರುವುದು ಆ ಕೈಯೇ.