ತನ್ನ ಕಥೆಯೊಳಗೆ ತಾನೇ ಬಂದ ಚಿತ್ರಕಾರ

ಮಕ್ಕಳೇ, ಕಾಮಿಕ್ಸ್ ಓದುವಾಗ ಅದನ್ನು ಬರೆದವರು ನಮಗೆ ಕಾಣುವುದಿಲ್ಲ. ಮೊದಲ ಪುಟದಲ್ಲಿ ಅವರ ಹೆಸರಿರುತ್ತದೆ, ಅಷ್ಟೆ. ಆದರೆ ಕೆಲವರು ಹೊರಗೆ ನಿಂತು ನೋಡುವವರಲ್ಲ. ತಮ್ಮ ಕಥೆಯೊಳಗೆ ತಾವೇ ಪಾತ್ರವಾಗಿ ಬಂದುಬಿಡುತ್ತಾರೆ!

ಅಮೆರಿಕದ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸ್ ಮಾಡಿದವರು ಸ್ಟಾನ್ ಲೀ ಮತ್ತು ಜ್ಯಾಕ್ ಕಿರ್ಬಿ. ಅದರ 10ನೇ ಸಂಚಿಕೆಯಲ್ಲಿ ಇವರಿಬ್ಬರೂ ಮುಂದಿನ ಕಥೆ ಏನು ಮಾಡೋಣ ಎಂದು ಯೋಚಿಸುತ್ತ ಕುಳಿತಿರುತ್ತಾರೆ. ಅವರೇ ಸೃಷ್ಟಿಸಿದ ಖಳನಾಯಕ ಡಾಕ್ಟರ್ ಡೂಮ್ ನೇರವಾಗಿ ಅವರ ಕಚೇರಿಗೇ ನುಗ್ಗುತ್ತಾನೆ! 1965ರ ಇನ್ನೊಂದು ಸಂಚಿಕೆಯಲ್ಲಿ ನಾಯಕ ನಾಯಕಿಯರ ಮದುವೆ. ಕಥೆ ಕಟ್ಟಿದವರೇ ಮದುವೆಗೆ ಬಂದರೆ ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಾರೆ.

ಜಪಾನಿನ ಒಸಾಮು ತೆಜುಕಾ ಕೂಡ ಹೀಗೆಯೇ. ‘ಆಸ್ಟ್ರೋ ಬಾಯ್’ ಎಂಬ ರೋಬೋ ಹುಡುಗನನ್ನು ಸೃಷ್ಟಿಸಿದವರು ಅವರು. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಗುಂಡನೆಯ ದಪ್ಪ ಮೂಗು: ತಮ್ಮನ್ನು ತಾವೇ ಹೀಗೆ ತಮಾಷೆಯಾಗಿ ಬರೆದುಕೊಂಡು ಕಥೆಯ ನಡುವೆ ಇಣುಕುತ್ತಿದ್ದರು.

ಇವೆಲ್ಲ ನಗಿಸುವುದಕ್ಕೆ. ಆದರೆ ನಗುವಿಗಿಂತ ದೊಡ್ಡ ಕಾರಣಕ್ಕೆ ಕಥೆಯೊಳಗೆ ಬಂದವರೂ ಇದ್ದಾರೆ. ಜಪಾನಿನ ಶಿಗೆರು ಮಿಜುಕಿ ಅಂಥವರು.

ಮಿಜುಕಿ ಹುಟ್ಟಿದ್ದು 1922ರಲ್ಲಿ. ಬೆಳೆದದ್ದು ಸಕಾಯಿಮಿನಾತೊ ಎಂಬ ಕಡಲತೀರದ ಊರಿನಲ್ಲಿ. ಅಲ್ಲಿ ಒಬ್ಬ ಬಡ ಅಜ್ಜಿ ಇದ್ದಳು. ಎಲ್ಲರೂ ಅವಳನ್ನು ‘ನೊನ್ನೊನ್ಬಾ’ ಎನ್ನುತ್ತಿದ್ದರು. ನಮ್ಮ ಅಜ್ಜಿಯರಿಗೆ ಕೊಳ್ಳಿದೆವ್ವ, ಬ್ರಹ್ಮರಾಕ್ಷಸರ ಕಥೆ ಗೊತ್ತಿರುವಂತೆ ಅವಳಿಗೆ ಜಪಾನಿನ ದೆವ್ವಗಳ ಕಥೆಗಳೆಲ್ಲ ಗೊತ್ತು. ಮನೆಯ ಸೂರಿನಲ್ಲಿ ಕಲೆ ಕಂಡರೆ, ‘ರಾತ್ರಿ ದೆವ್ವ ಬಂದು ಅಲ್ಲಿ ನೆಕ್ಕಿದೆ’ ಎನ್ನುವಳು. ಕತ್ತಲಲ್ಲಿ ಹಿಂದೆ ಯಾರೋ ನಡೆದು ಬರುವ ಸದ್ದಾದರೆ ಹೆದರಬೇಡ, ಪಕ್ಕಕ್ಕೆ ಸರಿದು ‘ನೀವು ಮುಂದೆ ಹೋಗಿ’ ಎಂದು ಮರ್ಯಾದೆಯಿಂದ ಹೇಳು ಎನ್ನುವಳು. ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಆಮೇಲೆ ಎರಡನೇ ಮಹಾಯುದ್ಧ ಬಂತು. 1943ರಲ್ಲಿ ಮಿಜುಕಿಯನ್ನು ಸೈನ್ಯಕ್ಕೆ ಸೇರಿಸಿಕೊಂಡು ದೂರದ ನ್ಯೂ ಬ್ರಿಟನ್ ದ್ವೀಪಕ್ಕೆ ಕಳಿಸಿದರು. ಅಲ್ಲಿ ಅವರ ತುಕಡಿಯ ಜೊತೆಗಾರರೆಲ್ಲ ಸತ್ತರು. ಮಲೇರಿಯಾ ಬಂದು ಮಲಗಿದ್ದಾಗ ಬಾಂಬ್ ಬಿದ್ದು ಅವರ ಎಡಗೈ ಹೋಯಿತು. ಊರಿಗೆ ಮರಳಿ, ಉಳಿದ ಒಂದೇ ಕೈಯಿಂದ ಚಿತ್ರ ಬರೆಯತೊಡಗಿದರು.

ಅಜ್ಜಿ ಹೇಳಿದ ದೆವ್ವಗಳು ಆಗ ಅವರ ಕೈಹಿಡಿದವು. ದೆವ್ವದ ಹುಡುಗ ‘ಕಿತಾರೋ’ನ ಕಥೆಗಳು ಜಪಾನಿನ ಮನೆಮನೆಗೂ ತಲುಪಿದವು. ಆಮೇಲೆ ‘ನೊನ್ನೊನ್ಬಾ’ ಎಂಬ ಪುಸ್ತಕ ಬರೆದರು. ಅದರಲ್ಲಿ ಮಿಜುಕಿಯೇ ಪುಟ್ಟ ಹುಡುಗ. ಪಕ್ಕದಲ್ಲಿ ಅದೇ ಅಜ್ಜಿ! ಎಂದೋ ತೀರಿಹೋದ ಅಜ್ಜಿಯ ಜೊತೆ ಮತ್ತೆ ಕುಳಿತು ಕಥೆ ಕೇಳಲು ಅವರಿಗೆ ಸಿಕ್ಕ ದಾರಿ ಅದೊಂದೇ. 2007ರಲ್ಲಿ ಫ್ರಾನ್ಸಿನ ಅಂಗುಲೆಮ್ ಕಾಮಿಕ್ಸ್ ಉತ್ಸವದಲ್ಲಿ ಈ ಪುಸ್ತಕಕ್ಕೆ ಅತ್ಯುತ್ತಮ ಕೃತಿಯ ಪ್ರಶಸ್ತಿ ಬಂತು.

ತಮ್ಮ ದೇಶದ ಇತಿಹಾಸವನ್ನು ಕಾಮಿಕ್ಸ್ ಮಾಡಿದಾಗಲೂ ಮಿಜುಕಿ ಅದರೊಳಗೆ ಬಂದರು. ವೀರನಾಗಿ ಅಲ್ಲ. ಹಸಿದ, ಹೆದರಿದ, ಮೇಲಿನವರಿಂದ ಕಪಾಳಕ್ಕೆ ಏಟು ತಿನ್ನುವ ಸಾಮಾನ್ಯ ಸಿಪಾಯಿಯಾಗಿ. ಯುದ್ಧ ಎಂದರೆ ಏನೆಂದು ಅನುಭವಿಸಿದವನೇ ಹೇಳಿದಾಗ ಮಾತಿಗೆ ತೂಕ ಬರುತ್ತದೆ. ಸತ್ತ ಗೆಳೆಯರಿಗೆ ಹೇಳಲು ಬಾಯಿಲ್ಲ. ಬದುಕಿ ಬಂದವರು ಅವರ ಪರವಾಗಿಯೂ ಹೇಳಿದರು.

2015ರಲ್ಲಿ, 93ನೇ ವಯಸ್ಸಿನಲ್ಲಿ ಮಿಜುಕಿ ತೀರಿಕೊಂಡರು. ಇಂದು ಸಕಾಯಿಮಿನಾತೊ ಊರಿನ ಬೀದಿಯೊಂದಕ್ಕೆ ಅವರದೇ ಹೆಸರು. ಅಲ್ಲಿ ಸಾಲಾಗಿ ನಿಂತಿರುವುದು ರಾಜರ, ಸೇನಾಪತಿಗಳ ಪ್ರತಿಮೆಗಳಲ್ಲ, ಕಂಚಿನ ದೆವ್ವಗಳು!

ಈ ಭಾನುವಾರ ನೀವೂ ಒಂದು ಕೆಲಸ ಮಾಡಿ. ಅಜ್ಜಿಯನ್ನೋ ತಾತನನ್ನೋ ಕೂರಿಸಿಕೊಂಡು ಅವರು ಚಿಕ್ಕವರಿದ್ದಾಗಿನ ಒಂದು ಕಥೆ ಕೇಳಿ. ಅದನ್ನು ನಾಲ್ಕು ಚೌಕಗಳಲ್ಲಿ ಚಿತ್ರ ಬರೆಯಿರಿ. ಕೊನೆಯ ಚೌಕದಲ್ಲಿ ಕಥೆ ಹೇಳುವ ಅಜ್ಜಿಯೂ ಇರಲಿ, ಪಕ್ಕದಲ್ಲಿ ಕೇಳುತ್ತ ಕುಳಿತ ನೀವೂ ಇರಿ.